ಹಿತ್ತಲಿಗೆ ಲಾರಿ ಬರುವುದಿಲ್ಲ

ನಮ್ಮ ಹಿತ್ತಲಲ್ಲಿ ಈ ಸಲ ಮೂಗಿರುವ ಟೊಮೆಟೊ ಒಂದು ಬಿಟ್ಟಿತ್ತು. ಮೈಯೆಲ್ಲ ಉಬ್ಬು ತಗ್ಗಾಗಿದ್ದ ಚಪ್ಪಟೆ ಹಣ್ಣು. ಅದರ ನಡುವಿನಿಂದ ಮೊಂಡು ಮೂಗೊಂದು ಹೊರಗೆ ಚಾಚಿಕೊಂಡಿತ್ತು. ಶಾಲೆ ಬಿಟ್ಟ ಮೇಲೆ ಮಕ್ಕಳು ಗುಂಪುಗುಂಪಾಗಿ ಬಂದು ನೋಡಿಕೊಂಡು ಹೋದರು. “ಇದ್ರ ಬೀಜ ನಂಗೇ ಕೊಡ್ಬೇಕು ಮಿಸ್, ನಮ್ಮನೇಲೂ ಮೂಗಿನ್ ಹಣ್ಣು ಬಿಡ್ಲಿ” ಎಂದು ಆರನೇ ಕ್ಲಾಸಿನ ಹುಡುಗಿಯೊಬ್ಬಳು ಮೊದಲೇ ಹೇಳಿಟ್ಟಳು. ಪಕ್ಕದ ಮನೆಯ ಅಜ್ಜಿ, ನಾವೆಲ್ಲ ಪಾಟಿ ಎನ್ನುವವರು, ಬೇಲಿಯಾಚೆಯಿಂದಲೇ ನೋಡಿದರು. “ಇದೇನ್ ಹೊಸ್ದಾ ಟೀಚರಮ್ಮ? ನಾವು ಚಿಕ್ಕೋರಾಗಿದ್ದಾಗ ತಕ್ಕಾಳಿ ಅಂದ್ರೆ ಇಂಗೇ ಸೊಟ್ಟಪಟ್ಟ ಇರ್ತಿತ್ತು. ಗುಂಡುಗೆ ನೈಸಾಗಿರೋದು ಆಮೇಲ್ ಬಂದಿದ್ದು” ಎಂದರು.

ಪಾಟಿಯ ಮಾತು ನಮ್ಮೂರು ಗೋಪಿನಾಥಂಗೆ ಮಾತ್ರವಲ್ಲ, ಲೋಕಕ್ಕೇ ಹೊಂದುತ್ತದೆ. ಟೊಮೆಟೊದ ಕಾಡು ಬಳಗ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಕಡೆಯದು. ಅದನ್ನು ಸಾಕಿ ದೊಡ್ಡ ಹಣ್ಣು ಮಾಡಿದವರು ಮೆಕ್ಸಿಕೋದ ರೈತರು. ಸ್ಪೇನಿನವರ ಹಡಗು ಹತ್ತಿ ಅದು ಯೂರೋಪು ತಲುಪಿದ ಮೇಲೆ, 1544ರಲ್ಲಿ ಇಟಲಿಯ ವೈದ್ಯ ಮತ್ತಿಯೋಲಿ ಅದರ ಬಗ್ಗೆ ಬರೆದಿದ್ದಾನೆ. ಆತ ವರ್ಣಿಸಿದ್ದು ಚಪ್ಪಟೆಯಾದ, ಹೋಳುಹೋಳಾಗಿ ಕಾಣುವ ಹಣ್ಣನ್ನು. ಆ ಶತಮಾನದ ಸಸ್ಯಗ್ರಂಥಗಳ ಚಿತ್ರಗಳಲ್ಲೂ ಗೆರೆಬಿದ್ದು ಉಬ್ಬಿದ ಹಣ್ಣುಗಳೇ ಇವೆ. ಪೋರ್ಚುಗೀಸರು ನಮ್ಮ ಕರಾವಳಿಗೆ ತಂದ ಹಣ್ಣಿನ ಬಳಗವೂ ಇದೇ. ನಯವಾದ, ಒಂದರಂತೆ ಇನ್ನೊಂದಿರುವ ಟೊಮೆಟೊ ಪೇಟೆಗೆ ಬಂದದ್ದು ಬಹಳ ತಡವಾಗಿ. ಅಮೆರಿಕದ ಒಹಾಯೊದಲ್ಲಿ ಅಲೆಕ್ಸಾಂಡರ್ ಲಿವಿಂಗ್‌ಸ್ಟನ್ ಎಂಬ ಬೀಜದ ವ್ಯಾಪಾರಿ 1870ರಲ್ಲಿ ‘ಪ್ಯಾರಗಾನ್’ ತಳಿಯನ್ನು ಹೊರತಂದ ಮೇಲೆ. ಅಂದರೆ ನಾವು ಇಂದು ಟೊಮೆಟೊ ಎಂದರೆ ಹೀಗೇ ಇರಬೇಕು ಎಂದು ನಂಬಿರುವ ಆಕಾರಕ್ಕೆ ನೂರೈವತ್ತು ವರ್ಷ ದಾಟಿದೆ, ಅಷ್ಟೆ. ಸೊಟ್ಟ ಹಣ್ಣೇ ಹಿರಿಯ. ದುಂಡು ಹಣ್ಣು ಅದರ ಕಿರಿಯ ಮಗ.

ಸೊಟ್ಟಗಾಗುವುದಕ್ಕೆ ಕಾರಣ ಹಣ್ಣಿನ ಒಳಗೇ ಇದೆ. ಕಾಡು ಟೊಮೆಟೊವನ್ನು ಅಡ್ಡಡ್ಡಲಾಗಿ ಕೊಯ್ದರೆ ಬೀಜದ ಕೋಣೆಗಳು ಎರಡೇ ಕಾಣುತ್ತವೆ. ಮನುಷ್ಯರು ದೊಡ್ಡ ಹಣ್ಣನ್ನು ಆರಿಸುತ್ತ ಆರಿಸುತ್ತ ಹೋದ ಹಾಗೆ ಈ ಕೋಣೆಗಳ ಸಂಖ್ಯೆ ಏರಿತು. ಹೂವಿನ ಮೊಗ್ಗು ಮೂಡುವ ತುದಿ ಎಷ್ಟು ಅಗಲವಾಗಬೇಕು ಎಂಬುದಕ್ಕೆ ಗಿಡದಲ್ಲೊಂದು ಹತೋಟಿ ಇರುತ್ತದೆ. ವಿಜ್ಞಾನಿಗಳು ‘ಫ್ಯಾಸಿಯೇಟೆಡ್’, ‘ಲಾಕ್ಯೂಲ್ ನಂಬರ್’ ಎಂದು ಹೆಸರಿಟ್ಟಿರುವ ಎರಡು ವಂಶವಾಹಿ ಬದಲಾವಣೆಗಳು ಆ ಹತೋಟಿಯನ್ನು ಸಡಿಲಿಸುತ್ತವೆ. ಮೊಗ್ಗು ಅಗಲವಾಗುತ್ತದೆ, ಕೋಣೆ ಹೆಚ್ಚುತ್ತದೆ, ಒಂದೊಂದು ಕೋಣೆಯೂ ಹೊರಕ್ಕೆ ತಳ್ಳಿ ಹಣ್ಣಿನ ಮೈಮೇಲೆ ಒಂದು ಉಬ್ಬಾಗುತ್ತದೆ. ‘ಸನ್’ ಎಂಬುದು ಹಣ್ಣನ್ನು ಉದ್ದ ಎಳೆಯುತ್ತದೆ. ‘ಓವೇಟ್’ ಎಂಬುದು ಕತ್ತು ಕೊಟ್ಟು ಪೇರ್ ಹಣ್ಣಿನ ಆಕಾರ ಮಾಡುತ್ತದೆ. ಟೊಮೆಟೊದ ನೂರಾರು ರೂಪಗಳ ಹಿಂದೆ ಇರುವುದು ಮುಖ್ಯವಾಗಿ ಇಂಥ ಬೆರಳೆಣಿಕೆಯ ಬದಲಾವಣೆಗಳು ಎಂದು ಓದಿದಾಗ ನನಗೆ ಮೈ ಜುಂ ಎಂದಿತ್ತು. ಅಕ್ಷರ ಬಾರದ, ಹೆಸರೂ ಉಳಿಯದ ರೈತರು ಕಣ್ಣಳತೆಯಲ್ಲೇ ಅವನ್ನು ಹುಡುಕಿ ಹಿಡಿದು, ತಲೆಮಾರುಗಳ ಕಾಲ ಕೈಬಿಡದೆ ನಡೆಸಿಕೊಂಡು ಬಂದರಲ್ಲ!

ಗೋಪಿನಾಥಂ ಎಂದೊಡನೆ ಹೊರಗಿನವರಿಗೆ ವೀರಪ್ಪನ್ ನೆನಪಾಗುತ್ತಾನೆ. ಊರಿನವರಿಗೆ ಅದಕ್ಕಿಂತ ಮೊದಲು ನೆನಪಾಗುವವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಇಲ್ಲೇ ಇದ್ದು, ಮಾರಿಯಮ್ಮನ ಗುಡಿ ಕಟ್ಟಿಸಿ, ಜನರ ಕಷ್ಟಸುಖಕ್ಕೆ ನಿಂತವರು. 1991ರ ನವೆಂಬರಿನಲ್ಲಿ ವೀರಪ್ಪನ್ ಅವರನ್ನು ಕೊಂದ. ಆ ಕಥೆಯನ್ನು ಹಲವರು ಬರೆದಿದ್ದಾರೆ, ಅದು ಬರೆಯಬೇಕಾದದ್ದೇ. ಆದರೆ ಈ ಊರಿಗೆ ಇನ್ನೊಂದು ಗುಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಇದು ಪೇಟೆಗೆ ದೂರವಾದ ಊರು. ಸುತ್ತ ಕಾವೇರಿ ವನ್ಯಧಾಮ. ಒಂದು ದಿಕ್ಕಿಗೆ ಮಲೆ ಮಹದೇಶ್ವರ ಬೆಟ್ಟ, ಇನ್ನೊಂದು ದಿಕ್ಕಿಗೆ ಹೊಗೇನಕಲ್, ಪಾಲಾರ್ ದಾಟಿದರೆ ತಮಿಳುನಾಡಿನ ಮೆಟ್ಟೂರಿನ ದಾರಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲದ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಇಲ್ಲಿ ಬಹಳ ಮನೆಗಳ ಮಾತು ತಮಿಳು, ಶಾಲೆಯ ಮಾತು ಕನ್ನಡ. ಬೀಜಗಳಿಗೆ ಈ ಗಡಿ ಗೊತ್ತಿಲ್ಲ. ಆಚೆಯ ನೆಂಟರು ಬರುವಾಗ ಸೀರೆಯ ಸೆರಗಿನಲ್ಲಿ ಕಟ್ಟಿ ತಂದ ಬೀಜ ಈಚೆ ಮೊಳೆಯುತ್ತದೆ.

ಹೊಲದಲ್ಲಿ ರಾಗಿ, ಅದನ್ನು ಆನೆ ಹಂದಿಗಳಿಂದ ಕಾಯುವ ರಾತ್ರಿಗಳು. ತರಕಾರಿ ಇರುವುದು ಹಿತ್ತಲಲ್ಲಿ, ಪಾತ್ರೆ ತೊಳೆದ ನೀರು ಹರಿಯುವ ಕಡೆ. ಹಿತ್ತಲ ಟೊಮೆಟೊ ಕಿತ್ತ ಕೈಯಿಂದ ಒಲೆಯ ಮುಂದಿನ ಮೊರಕ್ಕೆ ಬರುತ್ತದೆ. ಅದು ಬಾಕ್ಸಿನೊಳಗೆ ಇನ್ನೊಂದರ ಮೇಲೆ ಕೂರಬೇಕಿಲ್ಲ, ಘಾಟಿಯ ತಿರುವುಗಳಲ್ಲಿ ಕುಲುಕಿಸಿಕೊಂಡು ಊರೂರು ಸುತ್ತಬೇಕಿಲ್ಲ. ದುಂಡಗಿರುವ ಒತ್ತಾಯ ಅದಕ್ಕೆ ಎಲ್ಲಿಂದ ಬರಬೇಕು?

ಆ ಒತ್ತಾಯ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಕೋಲಾರದ ಎಪಿಎಂಸಿಯಲ್ಲಿ ಒಂದು ಬೆಳಗ್ಗೆ ನಿಲ್ಲಬೇಕು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅದೂ ಒಂದು. ಹದಿನೈದು ಕಿಲೋ ಬಾಕ್ಸುಗಳ ಗೋಡೆಗಳ ನಡುವೆ ದಾರಿ ಮಾಡಿಕೊಂಡು ನಡೆಯಬೇಕು. 2023ರ ಜುಲೈನಲ್ಲಿ ಒಂದು ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣನ್ನು ರೈತರು ರಸ್ತೆಗೆ ಸುರಿದದ್ದೂ ಇದೆ. ಅಲ್ಲಿಂದ ಹೊರಟ ಲಾರಿ ದಿನಗಟ್ಟಲೆ ಓಡಿ ಉತ್ತರದ ಊರುಗಳನ್ನು ಸೇರಬೇಕು. ಅಷ್ಟು ದೂರ ಹೋಗುವ ಹಣ್ಣಿಗೆ ಸಿಪ್ಪೆ ದಪ್ಪ ಬೇಕು, ತಿರುಳು ಗಟ್ಟಿ ಬೇಕು, ಎಲ್ಲವೂ ಒಂದೇ ಗಾತ್ರ ಇರಬೇಕು. ಅಮೆರಿಕದ ಡೇವಿಸ್‌ನಲ್ಲಿ 1960ರ ಸುಮಾರಿಗೆ ಇನ್ನೂ ಮುಂದೆ ಹೋಗಿ, ಕೊಯ್ಯುವ ಯಂತ್ರದ ಏಟು ತಾಳಿಕೊಳ್ಳುವಂಥ, ಮೂಲೆ ಇದ್ದಂತೆ ಕಾಣುವ ಟೊಮೆಟೊವನ್ನೇ ಜ್ಯಾಕ್ ಹ್ಯಾನ್ನಾ ಎಂಬ ತಳಿತಜ್ಞ ಸಿದ್ಧಮಾಡಿದ.

ಇದನ್ನು ನಾನು ತಪ್ಪು ಎನ್ನುವುದಿಲ್ಲ. ಸಾಲ ಮಾಡಿ ಎಕರೆಗಟ್ಟಲೆ ಟೊಮೆಟೊ ಹಾಕಿದ ರೈತನಿಗೆ ಹಣ್ಣಿನ ಚೆಲುವಿಗಿಂತ ಬೆಳೆ ಉಳಿಯುವುದು ದೊಡ್ಡದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ‘ಅರ್ಕಾ ರಕ್ಷಕ್’ ಎಲೆ ಮುದುರು ನಂಜು, ದುಂಡಾಣು ಸೊರಗು, ಎಲೆಯ ಅಂಗಮಾರಿ ಮೂರನ್ನೂ ತಡೆದು ನಿಲ್ಲುವ ತಳಿ. ಅದು ಎಷ್ಟು ಮನೆಗಳನ್ನು ಉಳಿಸಿದೆಯೋ! ನನ್ನ ವಾದ ಹೊಲದ ಬಗ್ಗೆ ಅಲ್ಲ. ಹೊಲದ ಕಟ್ಟಳೆಯನ್ನು ಹಿತ್ತಲಿಗೂ ತಂದುಕೊಂಡಿದ್ದೇವಲ್ಲ, ಅದರ ಬಗ್ಗೆ. ಸಂತೆಯಲ್ಲಿ ಒಂದು ಪ್ಯಾಕೆಟ್ ಹೈಬ್ರಿಡ್ ಬೀಜ ಕೊಂಡು ತಂದು, ನಾಲ್ಕೇ ಗಿಡ ಬೆಳೆಯುವ ಜಾಗದಲ್ಲಿ ಲಾರಿಗೆಂದು ಹುಟ್ಟಿದ ಹಣ್ಣನ್ನು ಬೆಳೆಯುತ್ತೇವೆ. ಅಷ್ಟು ಮಾಡಿದರೆ ಹಿತ್ತಲಿಗೂ ಅಂಗಡಿಗೂ ಏನು ವ್ಯತ್ಯಾಸ ಉಳಿಯಿತು?

ರೂಪದ ಜೊತೆಗೆ ರುಚಿಯೂ ಹೋಗಿದೆ, ಇದು ಬರೀ ಹಳಬರ ಕೊರಗಲ್ಲ. ಹಳೆಯ ತಳಿಗಳ ಕಾಯಿಯ ತೊಟ್ಟಿನ ಸುತ್ತ ಕಡು ಹಸಿರಿನ ಪಟ್ಟಿ ಇರುತ್ತದೆ. ಕೆಂಪಗಾದ ಮೇಲೂ ಕೆಲವಕ್ಕೆ ಆ ಭುಜ ಹಸಿರಾಗಿಯೋ ಹಳದಿಯಾಗಿಯೋ ಉಳಿಯುತ್ತದೆ. ಪೇಟೆಗೆ ಅದು ಬೇಡವಾಯಿತು. ಇಡೀ ಕಾಯಿ ಒಂದೇ ತಿಳಿಹಸಿರಿಂದ ಒಂದೇ ಕೆಂಪಿಗೆ ತಿರುಗುವ ಗಿಡಗಳನ್ನೇ ತಳಿತಜ್ಞರು ದಶಕಗಳ ಕಾಲ ಆರಿಸಿದರು. 2012ರಲ್ಲಿ ಡೇವಿಸ್‌ನ ಆ್ಯನ್ ಪವೆಲ್ ಮತ್ತು ಸಂಗಡಿಗರು ಇದರ ಗುಟ್ಟು ಬಿಡಿಸಿದರು. ಕಾಯಿಯ ಹಸಿರಿಗೆ ಕಾರಣವಾದ ವಂಶವಾಹಿಯೇ ಅದರೊಳಗೆ ಸಕ್ಕರೆ ತುಂಬಲೂ ನೆರವಾಗುತ್ತದೆ. ಆ ವಂಶವಾಹಿ ಕೆಟ್ಟಿರುವ ಗಿಡಗಳನ್ನು ಬಣ್ಣಕ್ಕಾಗಿ ಆರಿಸಿದ್ದರಿಂದ ಸಿಹಿಯೂ ಇಳಿಯಿತು. ನಮ್ಮ ಗಡಿಯ ಹಿತ್ತಲುಗಳಲ್ಲಿ ಅದೃಷ್ಟಕ್ಕೆ ಹಸಿರು ಭುಜದ ಹಣ್ಣು ಪೂರ್ತಿ ಕಣ್ಮರೆಯಾಗಿಲ್ಲ. ತಮಿಳುನಾಡಿನ ಪೆರಿಯಕುಳಂ ತೋಟಗಾರಿಕಾ ಕಾಲೇಜು ‘ಅಣ್ಣಂಜಿ’ ಎಂಬ ಊರ ತಳಿಯಿಂದ ಮಾಡಿದ ‘ಪಿಕೆಎಂ-1’ ಅಂಥದ್ದು. ಚಪ್ಪಟೆ ದುಂಡು, ತೊಟ್ಟಿನ ಬಳಿ ಹಸಿರು, ಬಾಯಲ್ಲಿ ನೀರೂರಿಸುವ ಹುಳಿ. ಪಾಟಿಯ ಮನೆಯ ನಾಟಿ ಹಣ್ಣಿನ ಉಬ್ಬುಗಳು ಅದಕ್ಕಿಂತ ಆಳ, ರಸ ಅದಕ್ಕಿಂತ ಹೆಚ್ಚು. ನನ್ನ ಹಿತ್ತಲಿನ ಮೊದಲ ಹಕ್ಕು ಅದಕ್ಕೇ.

ಉಳಿದವು ದೂರದವು, ಬೀಜ ಇಟ್ಟುಕೊಳ್ಳುವ ಗೆಳತಿಯರಿಂದ ಅಂಚೆಯಲ್ಲಿ ಬಂದವು. ಇಟಲಿಯ ‘ಕಾಸ್ಟೊಲೂಟೊ ಜೆನೊವೇಸೆ’ ಆಳವಾದ ಗೆರೆಗಳ ಹಣ್ಣು, ನಮ್ಮ ಬಿಸಿಲಿಗೂ ಹೆದರಲಿಲ್ಲ. ಮೆಕ್ಸಿಕೋದ ಝಾಪೊಟೆಕ್ ಜನರ ಹೆಸರು ಹೊತ್ತ ಹಣ್ಣಿಗೆ ಲಂಗದ ನಿರಿಗೆಯಂಥ ಮಡಿಕೆಗಳಿವೆ, ಒಳಗೆ ಅಲ್ಲಲ್ಲಿ ಟೊಳ್ಳು. ‘ರೈಸೆಟೊಮಾಟೆ’ ಎಂಬುದನ್ನು ಮಕ್ಕಳು ಬಸ್ ಟೊಮೆಟೊ ಎಂದು ಕರೆಯುತ್ತಾರೆ. ಅದು ಒಂದೇ ಹಣ್ಣಾದರೂ ಗೊಂಚಲಿನ ಹಾಗೆ ಗಂಟುಗಂಟಾಗಿರುತ್ತದೆ. ಚಾಕು ಬೇಡ, ಒಂದೊಂದೇ ಗಂಟು ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಪ್ರಯಾಣ ಮಾಡಬಹುದು. ಅದರ ಜರ್ಮನ್ ಹೆಸರು ಬಂದದ್ದೂ ಹಾಗೇ. ಕ್ರೈಮಿಯಾದ ‘ಬ್ಲ್ಯಾಕ್ ಕ್ರಿಮ್’ ಕಂದು ನೇರಳೆ. ಮೊದಲ ಸಲ ನೋಡಿದವರು ಕೊಳೆತಿದೆ ಎಂದುಕೊಳ್ಳುತ್ತಾರೆ, ಉಪ್ಪು ಹಚ್ಚಿ ಒಂದು ಹೋಳು ತಿಂದವರು ಇನ್ನೊಂದಕ್ಕೆ ಕೈ ಚಾಚುತ್ತಾರೆ.

ಇವುಗಳನ್ನು ಬೆಳೆಯುವುದು ಸುಲಭ ಎಂದು ಹೇಳಲಾರೆ. ಹಳೆಯ ತಳಿಗಳಿಗೆ ರೋಗ ತಡೆಯುವ ಹೊಸ ವಂಶವಾಹಿಗಳಿಲ್ಲ. ಬೇಸಗೆಯಲ್ಲಿ ಬಿಳಿ ನೊಣ ಬಂದರೆ ಎಲೆ ಮುದುರುತ್ತದೆ, ಮುದುರಿದ ಗಿಡವನ್ನು ಕಿತ್ತು ಸುಡುವುದಲ್ಲದೆ ದಾರಿಯಿಲ್ಲ. ರಾತ್ರಿಯೂ ಸೆಕೆ ಇಳಿಯದಿದ್ದರೆ ಹೂವು ಕಚ್ಚದೆ ಉದುರುತ್ತದೆ. ಆದ್ದರಿಂದ ನಾನು ಆಗಸ್ಟ್ ಕೊನೆಗೆ ಒಟ್ಲು ಹಾಕಿ, ಸೆಪ್ಟೆಂಬರಿನಲ್ಲಿ ನಾಟಿ ಮಾಡಿ, ಡಿಸೆಂಬರಿನಿಂದ ಹಣ್ಣು ಕೀಳುವ ಲೆಕ್ಕ ಇಟ್ಟುಕೊಂಡಿದ್ದೇನೆ. ನಡುವೆ ಹಿಂಗಾರು ಬರುತ್ತದೆ. ಜಡಿಮಳೆಯಾದರೆ ಕೆಳಗಿನ ಎಲೆಗಳ ಮೇಲೆ ಚುಕ್ಕೆ ಬೀಳುತ್ತದೆ. ಒಣಗಿದ ನೆಲಕ್ಕೆ ಒಮ್ಮೆಲೇ ನೀರು ಸಿಕ್ಕರೆ ಹಣ್ಣು ಸೀಳುತ್ತದೆ. ಬುಡಕ್ಕೆ ರಾಗಿ ಹುಲ್ಲು ಹೊದಿಸಿ, ನೀರನ್ನು ಹದವಾಗಿ ಕೊಡುತ್ತಿದ್ದರೆ ಸೀಳುವುದೂ ಕಡಿಮೆ, ಹಣ್ಣಿನ ತಳ ಕಪ್ಪಾಗಿ ಕೊಳೆಯುವುದೂ ಕಡಿಮೆ. ತಳ ಕೊಳೆಯುವುದು ರೋಗವಲ್ಲ. ನೀರು ಏರುಪೇರಾಗಿ ಸುಣ್ಣದಂಶ ಹಣ್ಣಿನ ತುದಿ ಮುಟ್ಟದಿರುವುದು. ಹಸಿರಾಗಿದ್ದ ಗಿಡ ಒಂದೇ ದಿನದಲ್ಲಿ ಬಾಡಿದರೆ ಕಾಂಡ ಕೊಯ್ದು ಲೋಟದ ನೀರಿನಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು, ಆ ಜಾಗದಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕಬಾರದು. ಕೋತಿ, ನವಿಲು, ಪಿಕಳಾರಗಳ ಪಾಲು ಬೇರೆ. ಹಣ್ಣು ಬಣ್ಣ ತಿರುಗಿದ ಕೂಡಲೇ ಕಿತ್ತು ಒಳಗೆ ಮಾಗಿಸಿದರೆ ರುಚಿಗೆ ಹೆಚ್ಚು ನಷ್ಟವಿಲ್ಲ.

ಇನ್ನು ಆ ಹುಡುಗಿಯ ಮೂಗಿನ ಬೀಜದ ಮಾತು. ಸೊಟ್ಟತನದಲ್ಲಿ ಎರಡು ಬಗೆ ಇದೆ. ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಹವೆಯಿಂದ ಬಂದದ್ದು. ಗೆರೆ, ಉಬ್ಬು, ನಿರಿಗೆ, ಕತ್ತು ಇವು ಹುಟ್ಟಿನವು, ಬೀಜದ ಜೊತೆ ಮುಂದಕ್ಕೆ ಹೋಗುತ್ತವೆ. ಮೂಗು ಹಾಗಲ್ಲ. ಎಳೆಗಾಯಿ ರೂಪುಗೊಳ್ಳುವ ದಿನಗಳಲ್ಲಿ ಹಗಲು 32 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ, ಒಂದು ಬೀಜದ ಕೋಣೆ ಸಾಲು ಬಿಟ್ಟು ಹೊರಗೆ ಬೆಳೆದುಬಿಡುತ್ತದೆ. ಅದೇ ಮೂಗು. ಅದೇ ಗಿಡದ ಮುಂದಿನ ಗೊಂಚಲಿನಲ್ಲಿ ಒಂದಕ್ಕೂ ಮೂಗಿರಲಿಲ್ಲ. ಮೊದಲ ಗೊಂಚಲಿನಲ್ಲಿ ಎರಡು ಮೂರು ಹೂವು ಅಂಟಿಕೊಂಡು ಅರಳಿದರೆ ಹುಟ್ಟುವ ಗಂಟುಗಂಟು ದೈತ್ಯ ಹಣ್ಣು, ಚಳಿಗೋ ಅತಿ ಗೊಬ್ಬರಕ್ಕೋ ತಳದಲ್ಲಿ ಹೊಲಿಗೆ ಬಿದ್ದಂತೆ ಕಾಣುವ ಕಲೆ, ಇವೆಲ್ಲ ಬಹುಪಾಲು ಆ ಋತುವಿನ ಬರಹ. ಬೀಜದಲ್ಲಿ ಅದಿರುವುದಿಲ್ಲ.

ಹುಡುಗಿಯನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. “ಹಂಗಾದ್ರೆ ಯಾವ ಹಣ್ಣಿನ್ ಬೀಜ ಇಡ್ಬೇಕು ಮಿಸ್?” ಎಂದಳು. ಹಣ್ಣನ್ನು ನೋಡಬೇಡ, ಗಿಡವನ್ನು ನೋಡು ಎಂದೆ. ಒಂದು ಗಿಡದ ದೊಡ್ಡ ಹಣ್ಣಿಗೂ ಚಿಕ್ಕ ಹಣ್ಣಿಗೂ ತಾಯಿ ಒಂದೇ, ಒಳಗಿನ ಗುಣವೂ ಒಂದೇ. ಲಿವಿಂಗ್‌ಸ್ಟನ್ ಕೂಡ ಮೊದಲು ಹದಿನೈದು ವರ್ಷ ಒರಟು ಗಿಡಗಳಲ್ಲಿ ನಯವಾದ ಹಣ್ಣು ಆರಿಸಿ ಆರಿಸಿ ಸೋತಿದ್ದ. ಒಂದು ದಿನ ಎಲ್ಲ ಹಣ್ಣೂ ನಯವಾಗಿದ್ದ ಒಂದು ಗಿಡ ಕಣ್ಣಿಗೆ ಬಿದ್ದು, ಅದರ ಬೀಜವನ್ನೇ ವರ್ಷ ವರ್ಷ ಮುಂದುವರಿಸಿದಾಗ ಪ್ಯಾರಗಾನ್ ಸಿಕ್ಕಿತು. ಆತ ದುಂಡು ಮಾಡಲು ಹಿಡಿದ ದಾರಿಯೇ ನಮಗೆ ಸೊಟ್ಟವನ್ನು ಉಳಿಸಿಕೊಳ್ಳಲೂ ದಾರಿ. ಹೈಬ್ರಿಡ್ ಹಣ್ಣಿನ ಬೀಜ ಇಟ್ಟರೆ ಮುಂದಿನ ಪೈರು ಒಂದೊಂದು ಒಂದೊಂದು ಥರ ಬರುತ್ತದೆ. ನಾಟಿಯ ಬೀಜ ತಾಯಿಯನ್ನೇ ಹೋಲುತ್ತದೆ, ಏಕೆಂದರೆ ಟೊಮೆಟೊ ಹೂವು ಹೆಚ್ಚಾಗಿ ತನ್ನ ಪರಾಗವನ್ನೇ ತಾನು ಪಡೆಯುತ್ತದೆ. ಬೇರೆ ಬೇರೆ ತಳಿಗಳನ್ನು ಒಂದಿಷ್ಟು ದೂರ ನೆಟ್ಟರೆ ಮನೆಮಟ್ಟಿಗೆ ಸಾಕು. ಹಳೆಯ ಕೆಲವು ತಳಿಗಳ ಶಲಾಕೆ ಹೂವಿನಿಂದ ಹೊರಗೆ ಇಣುಕುತ್ತದೆ, ಅಂಥವುಗಳ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟುವುದು ಕ್ಷೇಮ.

ಅಡುಗೆಮನೆಯ ಮಾತು ಬಿಟ್ಟರೆ ಪಾಟಿ ನನ್ನನ್ನು ಕ್ಷಮಿಸುವುದಿಲ್ಲ. ಈ ಸೀಮೆಯ ಹುಳಿ ಮೊದಲಿನಿಂದಲೂ ಹುಣಸೆಯದು. ಬೆಟ್ಟದ ತಪ್ಪಲಿನ ಹುಣಸೆಮರಗಳು ಎಷ್ಟೋ ಮನೆಗಳ ವರ್ಷದ ಆದಾಯ. ಟೊಮೆಟೊ ಆಮೇಲೆ ಬಂದು ಪಕ್ಕದಲ್ಲಿ ಕೂತಿತು. ಇಂದಿಗೂ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಅದನ್ನು ಸೇರಿಸುವುದಿಲ್ಲ. ಆದರೆ ನಾಟಿ ಹಣ್ಣನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕೈಯಲ್ಲೇ ಕಿವುಚಿದ ಗೊಜ್ಜಿನ ಮುಂದೆ ಬಿಸಿ ರಾಗಿ ಮುದ್ದೆ ಇಟ್ಟರೆ ಹುಣಸೆಯ ನೆನಪು ಬರುವುದಿಲ್ಲ. ಗೆರೆಯ ಹಣ್ಣಿನಲ್ಲಿ ಕೋಣೆಗಳು ಹೆಚ್ಚಿರುವುದರಿಂದ ಬೀಜದ ಸುತ್ತಲಿನ ಲೋಳೆ ಹೆಚ್ಚು, ಹುಳಿ ಇರುವುದು ಬಹುಮಟ್ಟಿಗೆ ಆ ಲೋಳೆಯಲ್ಲೇ. ರಸಂಗೆ ನಾಟಿ ಹಣ್ಣೇ ಬೇಕು ಎಂದು ಪಟ್ಟು ಹಿಡಿಯುವವರು ಸರಿಯಾಗಿಯೇ ಹೇಳುತ್ತಾರೆ. ಟೊಳ್ಳು ಹೊಟ್ಟೆಯ ಝಾಪೊಟೆಕ್‌ಗೆ ಮೆಕ್ಸಿಕೋದಲ್ಲಿ ಏನೇನೋ ತುಂಬುತ್ತಾರಂತೆ. ನಾನು ಕಡಲೆಕಾಯಿ, ಎಳ್ಳು, ಕೊಬ್ಬರಿಯ ಪುಡಿ ತುಂಬಿ ಬದನೆಯ ಹಾಗೆ ಎಣ್ಣೆಗಾಯಿ ಮಾಡಿದೆ. ಬೇಯುವಾಗ ಬಿಚ್ಚಿಕೊಳ್ಳದೆ ನಿಂತಿತು. ಬ್ಲ್ಯಾಕ್ ಕ್ರಿಮ್ ಮಾತ್ರ ಒಲೆಗೆ ಬೇಡ, ಹಸಿಯಾಗಿಯೇ ಸರಿ.

ಸುಕ್ಕು ಬಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನು ನಾವು ಕುರೂಪಿ ಎನ್ನುವುದಿಲ್ಲ. ಆ ಸುಕ್ಕೇ ಅದರ ಗುರುತು, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಉಡುಪಿಯ ಮಟ್ಟುಗುಳ್ಳ ಬದನೆಗೆ ಮುಳ್ಳಿದೆ ಎಂದು ಯಾರೂ ದೂರುವುದಿಲ್ಲ. ಟೊಮೆಟೊದ ಉಬ್ಬಿಗೆ ಮಾತ್ರ ಯಾಕೆ ಈ ಅಸಡ್ಡೆ? ಮೆಣಸಿಗೂ ಬದನೆಗೂ ಅವುಗಳ ಊರು ನಿಂತು ಮಾತಾಡಿತು. ನಾಟಿ ಟೊಮೆಟೊ ಪರವಾಗಿ ಮಾತಾಡುವ ಊರು ಇನ್ನೂ ಹುಟ್ಟಿಲ್ಲ.

ಮಾತಾಡುವ ಜನ ಇದ್ದಾರೆ. ಶಿರಸಿಯ ‘ವನಸ್ತ್ರೀ’ಯ ಹೆಣ್ಣುಮಕ್ಕಳು ಮಲೆನಾಡಿನ ಹಿತ್ತಲ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ. ‘ಸಹಜ ಸಮೃದ್ಧ’ ನಡೆಸುವ ಬೀಜ ಮೇಳಗಳಲ್ಲಿ ದೇಸಿ ತರಕಾರಿಗಳ ಬೀಜ ಸಿಗುತ್ತದೆ. ನಮಗೆ ಹತ್ತಿರದ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ತಮ್ಮ ಹೊಲದಲ್ಲೇ ವರ್ಷ ವರ್ಷ ಬಿತ್ತಿ ಜೀವಂತ ಇಟ್ಟಿದ್ದಾರೆ. ಅವರ ಭತ್ತಕ್ಕೆ ಗದ್ದೆ ಬೇಕು. ಟೊಮೆಟೊಗೆ ಒಂದು ಮೂಲೆ ಸಾಕು. ಕಾನೂನೂ ನಮ್ಮ ಕಡೆಗಿದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್, ಬೀಜ ಇಟ್ಟುಕೊಳ್ಳಲು, ಬಿತ್ತಲು, ಹಂಚಲು, ಬದಲಾಯಿಸಿಕೊಳ್ಳಲು, ಬ್ರ್ಯಾಂಡಿನ ಹೆಸರು ಹಾಕದೆ ಮಾರಲೂ ರೈತನಿಗೆ ಹಕ್ಕು ಕೊಟ್ಟಿದೆ.

ಪಾಟಿಗೆ ಎಂಬತ್ತು ದಾಟಿದೆ. ಅವರ ನಾಟಿ ಹಣ್ಣಿನ ಬೀಜ ಬೂದಿಯಲ್ಲಿ ಉಜ್ಜಿ, ಹಳೆ ಬಟ್ಟೆಯಲ್ಲಿ ಕಟ್ಟಿ, ಅಟ್ಟದ ಗಡಿಗೆಯೊಂದರಲ್ಲಿ ಇರುತ್ತಿತ್ತು. ಆ ಬೀಜ ಇರುವ ಮನೆ ನಮ್ಮ ಬೀದಿಯಲ್ಲಿ ಅದೊಂದೇ ಆಗಿತ್ತು. ಈಗ ನಮ್ಮ ಮನೆಯಲ್ಲಿದೆ, ಆ ಹುಡುಗಿಯ ಮನೆಯಲ್ಲಿದೆ, ಅವಳ ಅತ್ತೆಯ ಊರಾದ ಹನೂರಿಗೂ ಹೋಗಿದೆ.

ನಿಮ್ಮ ಅಜ್ಜಿಯ ಮನೆಯಲ್ಲೋ ಸಂತೆಯ ಮೂಲೆಯ ಮುದುಕಿಯ ಬುಟ್ಟಿಯಲ್ಲೋ ಇಂಥ ಸೊಟ್ಟ ಹಣ್ಣು ಕಂಡರೆ ಬಿಡಬೇಡಿ. ಗಿಡ ನೋಡಲು ಸಾಧ್ಯವಾದರೆ ಆರೋಗ್ಯವಾದ ಗಿಡದ್ದೇ ಹಣ್ಣು ಕೇಳಿ. ಚೆನ್ನಾಗಿ ಮಾಗಿಸಿ, ಬೀಜವನ್ನು ಲೋಳೆ ಸಮೇತ ಒಂದು ಲೋಟಕ್ಕೆ ಹಿಂಡಿ, ಎರಡು ಮೂರು ದಿನ ಹುಳಿಯಲು ಬಿಡಿ. ಮೊಳಕೆಯನ್ನು ತಡೆಯುವ ಲೋಳೆ ಅಷ್ಟರಲ್ಲಿ ಕಳಚುತ್ತದೆ. ತೊಳೆದು, ತಳಕ್ಕೆ ಇಳಿದ ಬೀಜವನ್ನು ನೆರಳಿನಲ್ಲಿ ಒಣಗಿಸಿ, ಪೊಟ್ಟಣ ಕಟ್ಟಿ, ಯಾರ ಮನೆಯದು, ಯಾವ ಊರಿನದು, ಯಾವ ವರ್ಷದ್ದು ಎಂದು ಚೀಟಿ ಬರೆದಿಡಿ. ತೇವ ತಾಗದಿದ್ದರೆ ನಾಲ್ಕು ವರ್ಷವಾದರೂ ಮೊಳೆಯುತ್ತದೆ. ಆದರೂ ನಾಲ್ಕು ವರ್ಷ ಕಾಯಬೇಡಿ. ಮುಂದಿನ ಆಗಸ್ಟಿಗೇ ಬಿತ್ತಿ, ಒಂದು ಪಾಲನ್ನು ಇನ್ನಿಬ್ಬರಿಗೆ ಕೊಡಿ.